ಟ್ರೇ ಮೇಲೆ ಕುಣಿದ ಕಾರು

ಒಂದು ಡಜನ್ ಪ್ಲಾಸ್ಟಿಕ್ ಟ್ರೇ, ಒಂದಿಷ್ಟು ಪೆಟ್ರೋಲು, ನನ್ನದೊಂದು ಭಾನುವಾರ. ನಮ್ಮ ಭಾವನ ಡ್ರಿಫ್ಟಿಂಗ್ ಹುಚ್ಚಿಗೆ ತಗಲಿದ ಖರ್ಚು ಇಷ್ಟೇ. ಟ್ರೇ ನನ್ನ ಅಂಗಡಿಯದೇ. ಅಸಲು ಬೆಲೆಗೆ ಕೊಟ್ಟೆ. ಅಕ್ಕನ ಗಂಡನೆಂದು ಪುಕ್ಕಟೆ ಕೊಡುವ ಪೈಕಿ ನಾನಲ್ಲ! ಈ ಖರ್ಚು ಯಾಕೆ ಅನ್ನುತ್ತೀರಾ? ಇಡೀ ಮುಂಬಯಿಯಲ್ಲಿ ಟ್ರೇ ಮೇಲೆ ಕಾರನ್ನು ಸಪ್ಲೈ ಮಾಡಿದ ಹೋಟೆಲಿನವರು ಯಾರಾದರೂ ಇದ್ದರೆ ಅದು ನಮ್ಮ ಭಾವ ಒಬ್ಬರೇ!

ಭಾವನದು ಫೋರ್ಟ್‌ನಲ್ಲಿ ಉಡುಪಿ ಹೋಟೆಲು. ಗಲ್ಲಾದಲ್ಲಿ ಕೂತು ಕೂತು ಹೊಟ್ಟೆ ಸ್ಟೇರಿಂಗಿಗೆ ತಾಗುವಷ್ಟು ಬೆಳೆದಿದೆ. ಕಾರು ಮಾತ್ರ ಹಳೆಯದು, ಸಣ್ಣದು. ಹೋದ ಮಳೆಗಾಲದಲ್ಲಿ ಹೈವೇಯಲ್ಲಿ ಅದರ ಹಿಂಭಾಗ ಸರ್ರನೆ ಜಾರಿತು. ಕಾರು ಬುಗುರಿಯ ಹಾಗೆ ತಿರುಗಿ, ಬಂದ ದಾರಿಗೇ ಮುಖ ಮಾಡಿ ನಿಂತಿತು. ದೇವರ ದಯೆ, ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಪಕ್ಕದಲ್ಲಿದ್ದ ಅಕ್ಕ ಅವತ್ತು ಇಳಿದವಳು ಮತ್ತೆ ಆ ಕಾರು ಹತ್ತಲಿಲ್ಲ.

ಆಮೇಲೆ ಬಾಂದ್ರಾದಲ್ಲಿ ಒಂದು ಮದುವೆ. ಭಾವ ಕಾರಿನಲ್ಲಿ ಹೊರಟರು, ಅಕ್ಕ ಲೋಕಲ್ ಟ್ರೈನಿನಲ್ಲಿ. ಟ್ರಾಫಿಕ್ಕಿನಲ್ಲಿ ಬೆಂದು ಭಾವ ಹಾಲ್ ತಲುಪಿದಾಗ ಅಕ್ಕ ಊಟ ಮುಗಿಸಿ ಬೀಡ ಜಗಿಯುತ್ತಿದ್ದಳು!

"ಟ್ರೈನ್ ಜಾರುವುದಿಲ್ಲ ನೋಡಿ," ಅಂದಳು.

ಇಷ್ಟಾದ ಮೇಲೆ ಬೇರೆ ಯಾರೇ ಆದರೂ ಕಾರನ್ನು ಮೆಲ್ಲಗೆ ಓಡಿಸಲು ಕಲಿಯುತ್ತಿದ್ದರು. ಭಾವ ಏನು ಮಾಡಿದರು? ಬೇಕೆಂದೇ ಜಾರಿಸಲು ಕಲಿಯತೊಡಗಿದರು! ಹೀಗೆ ಜಾರಿಸುವುದಕ್ಕೆ ಡ್ರಿಫ್ಟಿಂಗ್ ಅನ್ನುತ್ತಾರಂತೆ. ಹಗಲೆಲ್ಲ ಮೊಬೈಲಿನಲ್ಲಿ ಅದರದೇ ವಿಡಿಯೋ. ಚಿಲ್ಲರೆ ಕೇಳಿದ ಗಿರಾಕಿಗೆ "ಮೊದಲು ಹ್ಯಾಂಡ್‌ಬ್ರೇಕ್ ಎಳೀಬೇಕು" ಅಂದರಂತೆ.

ವಿಷಯ ಕೇಳಿ ಗ್ಯಾರೇಜಿನ ಮೆಕ್ಯಾನಿಕ್ ನಕ್ಕುಬಿಟ್ಟ. "ಸೇಟ್, ನಿಮ್ಮ ಗಾಡಿ ಎಳೆಯೋದು ಮುಂದಿನ ಚಕ್ರ. ಹಿಂದಿನವು ಬರೀ ಬಾರಾತಿಗಳು, ಮದುವೆ ದಿಬ್ಬಣದವರ ಹಾಗೆ ಸುಮ್ಮನೆ ಹಿಂದಿಂದ ಬರ್ತಾವೆ. ಡ್ರಿಫ್ಟಿಂಗ್ ಎಲ್ಲಿಂದ?"

"ದಿಬ್ಬಣದವರನ್ನು ಕುಣಿಸುವುದು ನನಗೆ ಗೊತ್ತುಂಟು," ಅಂದರು ಭಾವ.

ಮರುದಿನವೇ ಪರೇಲ್‌ನಲ್ಲಿರುವ ನನ್ನ ಹೋಟೆಲ್ ಸಾಮಾನಿನ ಅಂಗಡಿಯಲ್ಲಿ ಹಾಜರ್. ಟ್ರೇಗಳನ್ನು ನೆಲಕ್ಕೆ ಹಾಕಿ, ಒಂದೊಂದರ ಮೇಲೂ ನಿಂತು, ಕಾಲಲ್ಲಿ ಉಜ್ಜಿ ನೋಡತೊಡಗಿದರು.

"ಎಂತ ಭಾವ ಇದು?"

"ಇದರಲ್ಲಿ ಜಾಸ್ತಿ ಜಾರುವುದು ಯಾವುದು ಮಾರಾಯ?"

ಜಾರದ ಟ್ರೇ ಎಂದು ಹೇಳಿ ಹೇಳಿಯೇ ವ್ಯಾಪಾರ ಬೆಳೆಸಿದವನು ನಾನು. ಈಗ ಎಂತ ಹೇಳಲಿ? ಹಿಂದಿನ ಚಕ್ರಗಳ ಅಡಿಗೆ ಟ್ರೇ ಇಟ್ಟು, ಅವು ಉರುಳದಂತೆ ಹ್ಯಾಂಡ್‌ಬ್ರೇಕ್ ಎಳೆದು ಮುಂದಕ್ಕೆ ಹೋದರೆ ಹಿಂಭಾಗ ತಾನಾಗಿ ಜಾರುತ್ತದಂತೆ. ವಿಡಿಯೋ ತೋರಿಸಿದರು.

ಅಷ್ಟರಲ್ಲಿ ಅಕ್ಕನ ಫೋನು. "ತಮ್ಮಾ, ಇವರಿಗೆ ಬುದ್ಧಿ ಹೇಳು. ಇಲ್ಲಾಂದ್ರೆ ಆ ಕಾರು ಮಾರಿಸು."

ಇಂಥ ಕಡೆಯೇ ನನ್ನ ಬುದ್ಧಿ ಓಡುವುದು. "ಒಮ್ಮೆ ಬಂದು ನೋಡು ಅಕ್ಕ. ಆಮೇಲೂ ಹತ್ತುವುದಿಲ್ಲ ಅಂದ್ರೆ ಒಳ್ಳೆ ರೇಟಿಗೆ ನಾನೇ ಮಾರಿಸಿಕೊಡ್ತೇನೆ," ಎಂದೆ. ಅಕ್ಕ ಒಪ್ಪಿದಳು. ಬಾಡಿದ ಮುಖದಲ್ಲಿ ಭಾವನೂ ಒಪ್ಪಿದರು.

ಭಾನುವಾರ ಬೆಳಿಗ್ಗೆ ಭಿವಂಡಿಯಲ್ಲಿ ಪರಿಚಯದ ಗೋದಾಮಿನ ಅಂಗಳ. ಸುತ್ತ ಗೋಡೆ, ಗೇಟಿಗೆ ಬೀಗ. ಭಾವ ಹೊರಟ ಕೂಡಲೇ ಎಡಗಡೆಯ ಟ್ರೇ ಚಿಮ್ಮಿ ಗೋಡೆಗೆ ಬಡಿಯಿತು.

"ಆರ್ಡರ್ ಕ್ಯಾನ್ಸಲ್!" ಎಂದು ಕೂಗಿದೆ. ಅಕ್ಕ ನಗಲಿಲ್ಲ.

ಇನ್ನೆರಡು ಟ್ರೇ ಪುಡಿಯಾದವು. ಆಮೇಲೆ ಒಮ್ಮೆ ಕಾರಿನ ಹಿಂಭಾಗ ಬೆಣ್ಣೆಯ ಮೇಲೆ ಇಟ್ಟ ಹಾಗೆ ಬಲಕ್ಕೆ ಜಾರಿತು. ಭಾವ ಸ್ಟೇರಿಂಗನ್ನೂ ಬಲಕ್ಕೇ ತಿರುಗಿಸಿ, ಆಕ್ಸಿಲರೇಟರ್ ಮೆಲ್ಲಗೆ ಒತ್ತಿದರು. ಮುಂದಿನ ಚಕ್ರ ಎಳೆದುಕೊಂಡಿತು, ಕಾರು ನೆಟ್ಟಗಾಯಿತು! ನಾನು ಚಪ್ಪಾಳೆ ಹೊಡೆದೆ.

ಭಾವ ಬೆವರು ಒರೆಸುತ್ತ ಇಳಿದರು.

"ಈ ವಯಸ್ಸಿನಲ್ಲಿ ರೇಸಿಗೆ ಹೋಗ್ಲಿಕ್ಕುಂಟಾ?" ಅಂದಳು ಅಕ್ಕ.

ಭಾವ ಟೈರನ್ನೇ ನೋಡುತ್ತ ಮೆಲ್ಲಗೆ ಹೇಳಿದರು: "ಅವತ್ತು ಕಾರು ತಿರುಗುವಾಗ ನಾನು ಸ್ಟೇರಿಂಗ್ ಬಿಟ್ಟು ಕಣ್ಣು ಮುಚ್ಚಿದ್ದೆ. ನೀನು ನೋಡಿದ್ದಿ. ನೀನು ಹೆದರಿದ್ದು ಕಾರಿಗಲ್ಲ, ನನ್ನ ಆ ಮುಚ್ಚಿದ ಕಣ್ಣಿಗೆ. ನನಗೆ ಗೊತ್ತುಂಟು."

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಗಿಲು ತೆಗೆದು ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡಳು. "ಇನ್ನೊಮ್ಮೆ ತಿರುಗಿಸಿ."

ಭಾವ ಹತ್ತಿದರು. ಕಾರು ಜಾರಿತು, ನೆಟ್ಟಗಾಯಿತು. ಅಷ್ಟು ಹೊತ್ತೂ ಅಕ್ಕ ಅಂಗಳದ ಕಡೆ ನೋಡಲೇ ಇಲ್ಲ. ನೋಡಿದ್ದು ಭಾವನ ಮುಖವನ್ನು. ಸಾಯಂಕಾಲ ಇಬ್ಬರೂ ಅದೇ ಕಾರಿನಲ್ಲಿ ಮನೆಗೆ ಹೋದರು. ನನಗೆ ಬಂದ ನೆಮ್ಮದಿಯ ನಿಟ್ಟುಸಿರು ಗೋದಾಮಿನ ವಾಚ್‌ಮನ್ನಿಗೂ ಕೇಳಿಸಿರಬೇಕು!

ನಿಮಗೂ ಹೇಳುತ್ತೇನೆ. ಎರಡೇ ಹೊಸ ಟೈರ್ ಹಾಕಿಸುವುದಾದರೆ, ಅಂಗಡಿಯವನು ಏನೇ ಹೇಳಲಿ, ಹಿಂದಕ್ಕೆ ಹಾಕಿಸಿ. ಸವೆದ ಟೈರು ಹಿಂದಿದ್ದರೆ ಮಳೆಯಲ್ಲಿ ಹಿಂಭಾಗವೇ ಜಾರುವುದು. ಹಿಂಭಾಗ ಜಾರಿದರೆ ಬ್ರೇಕ್ ತುಳಿಯಬೇಡಿ. ಅದು ಜಾರಿದ ಕಡೆಗೇ ಸ್ಟೇರಿಂಗ್ ತಿರುಗಿಸಿ, ಕಣ್ಣು ಹೋಗಬೇಕಾದ ದಾರಿಯ ಮೇಲಿರಲಿ. ಇದನ್ನು ರಸ್ತೆಯಲ್ಲಿ ಕಲಿಯಲು ಹೋಗಬೇಡಿ. ಜಾಗದ ಯಜಮಾನರನ್ನು ಕೇಳಿ ಖಾಲಿ ಅಂಗಳ ಹುಡುಕಿಕೊಳ್ಳಿ. ಮತ್ತೆ, ಒಬ್ಬರೇ ಹೋಗಬೇಡಿ. ದಿನಾ ನಿಮ್ಮ ಪಕ್ಕದ ಸೀಟಿನಲ್ಲಿ ಕೂರುವವರನ್ನೂ ಕರೆದುಕೊಂಡು ಹೋಗಿ.