ಬಾಡಿಗೆಗೆ ಬಂದ ದೊಡ್ಡಮ್ಮ

ಅನಾಹುತಕ್ಕೆಲ್ಲ ಕಾರಣ ಒಂದು ಕೆಮ್ಮು.

ಸೆಕೊಂಡಿಯ ಮೀನು ಬಂದರಿನ ಐಸ್ ಕಾರ್ಖಾನೆಯಲ್ಲಿ ಕೆಲಸ ಮಾಡುವ ಎಕೋ ಬೆಂಟ್ಸಿಲ್‌ಗೆ ತಾಯಿ ಬಿಟ್ಟುಹೋದ ವಠಾರವೊಂದಿತ್ತು. ನಡುವೆ ಅಂಗಳ, ಸುತ್ತ ಕೋಣೆಗಳು, ಕೋಣೆಗೊಂದು ಸಂಸಾರ. ಹೆಂಡತಿ ತೀರಿಕೊಂಡ ಮೇಲೆ ಎಕೋ ಹಿಂದಿನ ಕೋಣೆಯಲ್ಲಿ ಒಬ್ಬನೇ ಇದ್ದ. ಬೀದಿ ಕಡೆಯ ಕೋಣೆ ಖಾಲಿಯಾಗಿತ್ತು. ಶುಕ್ರವಾರ ಮಧ್ಯಾಹ್ನ ಮೆನ್ಸಿಮಾ ಎಂಬಾಕೆ ಅದನ್ನು ಕೇಳಿಕೊಂಡು ಬಂದಳು. ಮಾರುಕಟ್ಟೆಯಲ್ಲಿ ಬಟ್ಟೆ ಹೊಲಿಯುವವಳು. ಇದ್ದ ಮನೆ ಮಾರಾಟವಾಗಿ, ಅಂಗಡಿಯಲ್ಲೇ ಹೊಲಿಗೆ ಯಂತ್ರದ ಪಕ್ಕ ಮಲಗುತ್ತಿದ್ದಳು.

ಎಕೋ ಅವಳಿಗೆ ಕುಡಿಯಲು ನೀರಿನ ಪೊಟ್ಟಣ ಕೊಟ್ಟು, ಬೀಗದ ಕೈಗೆಂದು ಜೇಬಿಗೆ ಕೈಹಾಕಿದ್ದ. ಆಗ ಜಗಲಿಯಿಂದ ಸಾಗೋ ಕೆಮ್ಮಿದ. ಸಾಗೋ ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತನಾದವನು, ವಠಾರದ ಹಳೆಯ ಬಾಡಿಗೆದಾರ. ಅವನು ಕೆಮ್ಮಿದರೆ ಎಕೋ ಕೆಂಪು ಬಾವುಟ ಕಂಡ ರೈಲಿನಂತೆ ನಿಂತುಬಿಡುತ್ತಿದ್ದ.

"ಯಜಮಾನ್ರು ಎಲ್ಲಿದ್ದಾರಮ್ಮ?" ಎಂದು ಸಾಗೋ ಕೇಳಿದ.

"ನನಗೆ ಮದುವೆ ಆಗಿಲ್ಲ."

ಸಾಗೋ ಮತ್ತೊಮ್ಮೆ ಕೆಮ್ಮಿದ. ಎಕೋ ಜೇಬಿನಿಂದ ಬರಿಗೈ ತೆಗೆದ. "ನೋಡಮ್ಮ, ಗಂಡ ಇಲ್ಲದೋರಿಗೆ ನಾವು ಕೋಣೆ ಕೊಡಲ್ಲ. ಇದು ಮರ್ಯಾದಸ್ಥರ ವಠಾರ," ಎಂದ. ಈ ಮಾತು ತನ್ನದೇ ಬಾಯಿಂದ ಬಂತೇ ಎಂದು ಅವನಿಗೇ ಆಶ್ಚರ್ಯವಾಯಿತು. ಮೆನ್ಸಿಮಾ ನೀರಿನ ಪೊಟ್ಟಣವನ್ನು ಒಡೆಯದೆ ಬೆಂಚಿನ ಮೇಲಿಟ್ಟು ಹೊರಟುಹೋದಳು. ಹೋದವಳು ನೇರ ಬಾಡಿಗೆ ತಕರಾರು ಬಗೆಹರಿಸುವ ಸರ್ಕಾರಿ ಕಚೇರಿಗೆ ಹೋಗಿ ದೂರು ಕೊಟ್ಟಳು.

ಸೋಮವಾರ ಬೆಳಿಗ್ಗೆ ಎಕೋಗೆ ಫೋನು ಬಂತು. ಕಚೇರಿಯ ಅಧಿಕಾರಿ ಅಮೆಗಾಶಿ ಮೇಡಂ. "ನಾನು ಕೇಸು ಹಾಕೋಕೆ ಬರ್ತಿಲ್ಲ. ಇಬ್ಬರನ್ನೂ ಎದುರುಬದುರು ಕೂರಿಸಿ ಮಾತಾಡ್ಸಿ, ರಾಜಿ ಮಾಡಿಸೋದು ನನ್ನ ಕೆಲಸ. ಮಧ್ಯಾಹ್ನ ಆಕೇನೂ ಕರ್ಕೊಂಡು ಬರ್ತೀನಿ, ಕೋಣೆ ತೋರಿಸಿ."

"ಕೋಣೆ ಖಾಲಿ ಇಲ್ಲ ಮೇಡಂ," ಎಂದಿತು ಎಕೋನ ನಾಲಿಗೆ. "ನಮ್ಮ ದೊಡ್ಡಮ್ಮ ಇದ್ದಾರೆ ಅಲ್ಲಿ."

ಫೋನು ಇಟ್ಟ ಮೇಲೆ ಅವನಿಗೆ ನೆನಪಾಯಿತು: ಅವನ ತಾಯಿಗೆ ಅಕ್ಕನೇ ಇರಲಿಲ್ಲ.

ಸಾಗೋ ಮಾತ್ರ ಖುಷಿಪಟ್ಟ. "ಎಷ್ಟು ಚೆನ್ನಾಗಿ ಹೇಳಿದ್ದೀಯ. ದೊಡ್ಡಮ್ಮ ತಾನೇ ಬೇಕು? ನಮ್ಮ ಅತ್ತೆ ಇದ್ದಾರಲ್ಲ, ಒಂದು ದಿನದ ಮಟ್ಟಿಗೆ ಇಟ್ಕೋ."

ಮಗಳು ಅಳಿಯನ ಕೋಣೆಯಲ್ಲೇ ಚಾಪೆ ಹಾಸಿ ಮಲಗುತ್ತಿದ್ದ ಸಾಗೋನ ಅತ್ತೆ ಮಾಮೆ ಎಸಾಬಾ ಕರೆಯುವ ಮೊದಲೇ ಗಂಟು ಕಟ್ಟಿ ನಿಂತಿದ್ದಳು. ಆದರೂ ಎಕೋ ಕೈಜೋಡಿಸಿ, "ದಯವಿಟ್ಟು ಈ ಕೋಣೇಲಿ ಇರಿ ಮಾಮೆ," ಎಂದು ಬೇಡಿಕೊಳ್ಳಬೇಕಾಯಿತು. ಆಮೇಲೆ ವಠಾರಕ್ಕೆ ವಠಾರವೇ ಮದುವೆ ಮನೆಯಂತೆ ಓಡಾಡಿತು. ಸಾಗೋ ಮಂಚ ಹೊರಿಸಿದ. ಬ್ರೆಡ್ ಮಾರುವ ಬಾಬಾ ಎಂಬಾಕೆ ತನ್ನ ಕಿಟಕಿಯ ಪರದೆಯನ್ನೇ ಬಿಚ್ಚಿ ತಂದಳು. ಮಡಕೆ ಬಂತು, ಹೊಗೆಗಿಟ್ಟ ಮೀನಿನ ಬುಟ್ಟಿ ಬಂತು, ಮುದುಕಿಯ ಎರಡು ಕೋಳಿಗಳು ಬಂದವು. ಮುದುಕಿ ಮಂಚದ ಮೇಲೆ ಆಸೀನಳಾಗಿ ದೊಡ್ಡಮ್ಮನ ಕೆಲಸ ಆಗಲೇ ಶುರುಮಾಡಿದಳು.

"ಅಂಗಿ ಗುಂಡಿ ಹಾಕ್ಕೊಳ್ಳೋ. ಕೆನ್ಕೆ ಮುದ್ದೆ ತಿಂದ್ಯಾ ಇಲ್ವಾ? ಮುಖ ನೋಡು, ಉಪ್ಪು ಹಾಕದ ಮೀನಿನ ಹಾಗಿದೆ."

"ಇನ್ನೂ ಅವರು ಬಂದಿಲ್ಲ ಮಾಮೆ," ಎಂದ ಎಕೋ.

"ಅಭ್ಯಾಸ ಬೇಡವಾ?"

ಮಧ್ಯಾಹ್ನ ಅಮೆಗಾಶಿ ಮೇಡಂ ಬಂದರು. ಹಿಂದೆ ಮೆನ್ಸಿಮಾ. ಎಕೋ ಕುರ್ಚಿ ಹಾಕಿದ, ನೀರು ಕೊಟ್ಟ, ಕ್ಷೇಮ ಸಮಾಚಾರ ಕೇಳಿದ. ಮೆನ್ಸಿಮಾಳ ಕಡೆ ಮಾತ್ರ ನೋಡಲಾಗಲಿಲ್ಲ. ವಠಾರದವರೆಲ್ಲ ಅಂಗಳದಲ್ಲಿ ಏನೇನೋ ಕೆಲಸ ಹುಡುಕಿಕೊಂಡು ಕೂತಿದ್ದರು. ಬಾಬಾ ಒಣಗಿದ್ದ ಬಟ್ಟೆಯನ್ನೇ ಮತ್ತೆ ಹಿಂಡುತ್ತಿದ್ದಳು.

"ದೊಡ್ಡಮ್ಮ ಬಂದು ಎಷ್ಟು ದಿನ ಆಯ್ತು?" ಎಂದು ಮೇಡಂ ಕೇಳಿದರು.

"ಹೋದ ತಿಂಗಳು," ಎಂದ ಎಕೋ.

"ಈಗ ತಾನೇ," ಎಂದಳು ಮುದುಕಿ ಅದೇ ಉಸಿರಿಗೆ.

ಸಾಗೋ ಮಧ್ಯೆ ಬಾಯಿ ಹಾಕಿದ. "ವಯಸ್ಸಾಯ್ತಲ್ಲ ಮೇಡಂ, ಅವರಿಗೆ ಹೋದ ತಿಂಗಳೂ ಈಗಲೇ."

"ಇವರ ಹೆಸರೇನು, ಬೆಂಟ್ಸಿಲ್ ಅವರೇ?"

ಎಕೋ ಬಾಯಿ ತೆರೆದ. ಇಷ್ಟು ವರ್ಷವೂ ಆಕೆಯನ್ನು ಮಾಮೆ ಎಂದಷ್ಟೇ ಕರೆದಿದ್ದ. "ದೊಡ್ಡಮ್ಮ," ಎಂದ.

ಮುದುಕಿಗೆ ಹುಡುಗ ಮುಳುಗುತ್ತಿದ್ದಾನೆ ಎನ್ನಿಸಿ ಕನಿಕರ ಉಕ್ಕಿತು. ಅವನನ್ನು ಎತ್ತಲು ತಾನೇ ಹಾರಿದಳು. "ಒಳ್ಳೇ ವಂಶದ ಹುಡುಗ ಮೇಡಂ. ಇವನ ತಾಯಿ ಈ ಮನೆ ಹೇಗೆ ಕಟ್ಟಿದಳು ಗೊತ್ತಾ? ಗಂಡ ಅನ್ನೋ ಪ್ರಾಣಿ ಇರಲಿಲ್ಲ. ಹೊಟ್ಟೇಲಿ ಇವನು. ಈ ಊರಲ್ಲಿ ಒಬ್ಬರೂ ಅವಳಿಗೆ ಒಂದು ಕೋಣೆ ಕೊಡಲಿಲ್ಲ. ಮೀನು ಸಂತೆ ಚಪ್ಪರದ ಕೆಳಗೆ ಇವನನ್ನ ಹೆತ್ತಳು. ಆಮೇಲೆ ಹಟಕ್ಕೆ ಬಿದ್ದು, ಮರಳು ತಾನೇ ಹೊತ್ತು, ಕಟ್ಟಿದಳು. ಅಂಥ ಮರ್ಯಾದಸ್ಥರ ಮನೆ ಇದು."

ಬಾಬಾ ಹಿಂಡುವುದನ್ನು ನಿಲ್ಲಿಸಿದಳು. ಎಕೋನ ಕತ್ತಿನಿಂದ ಕಿವಿಯವರೆಗೆ ಬಿಸಿ ಏರಿತು. ದಿನವಿಡೀ ಐಸಿನ ನಡುವೆ ಬದುಕುವವನಿಗೆ ಅಂಥ ಬಿಸಿ ಗೊತ್ತೇ ಇರಲಿಲ್ಲ. ತಾಯಿ ಈ ಕತೆಯನ್ನು ಅವನಿಗೆ ಹೇಳಿದ್ದಳು, ಒಂದು ಸಲ ಅಲ್ಲ, ಹಲವು ಸಲ. ಶುಕ್ರವಾರ ಅದು ಎಲ್ಲಿ ಹೋಗಿತ್ತು?

ಮೇಡಂ ಮೆನ್ಸಿಮಾಳ ಕಡೆ ತಿರುಗಿದರು. "ನೀವೇನಾದ್ರೂ ಹೇಳ್ತೀರಾ?"

"ಈ ಅಣ್ಣ ಕೆಟ್ಟವರಲ್ಲ," ಎಂದಳು ಮೆನ್ಸಿಮಾ ಮೆಲ್ಲಗೆ. "ನೀರು ಕೊಟ್ಟರು. ತುಂಬ ಬಾಯಾರಿತ್ತು ನನಗೆ. ಆದರೆ ಆ ಮಾತು ಕೇಳಿದ ಮೇಲೆ ಗಂಟಲಲ್ಲಿ ಇಳೀತಿರಲಿಲ್ಲ."

ಬೈದಿದ್ದರೆ ಎಕೋ ತಡೆದುಕೊಳ್ಳುತ್ತಿದ್ದನೇನೋ. ಅವನು ಎದ್ದು ನಿಂತ. ಸಾಗೋ ಕೆಮ್ಮಿದ. ಈ ಸಲ ರೈಲು ನಿಲ್ಲಲಿಲ್ಲ.

"ಇವರು ನಮ್ಮ ದೊಡ್ಡಮ್ಮ ಅಲ್ಲ ಮೇಡಂ. ಸಾಗೋ ಅಣ್ಣನ ಅತ್ತೆ. ಕೋಣೆ ಖಾಲಿಯೇ ಇತ್ತು. ಸುಳ್ಳು ಹೇಳಿದೆ. ಆವತ್ತು ಹೇಳಿದ್ದಂತೂ ಸುಳ್ಳಿಗಿಂತ ಕೆಟ್ಟದ್ದು. ತಪ್ಪಾಯ್ತಮ್ಮ, ಕ್ಷಮಿಸು. ನನ್ನ ಮನೇಲಿ ನಿನಗೊಂದು ಕೋಣೆ ಇದೆ. ಇವತ್ತೇ ಬಂದುಬಿಡು."

ಮೆನ್ಸಿಮಾ ಆಗಲಿ ಎಂದು ತಲೆಯಾಡಿಸಿದಳು. ಮೇಡಂ ರಾಜಿಪತ್ರ ಬರೆದರು: ಇನ್ನು ಯಾರನ್ನೂ ಗಂಡನ ವಿಷಯ ಕೇಳುವಂತಿಲ್ಲ, ಈ ವಠಾರದಲ್ಲಿ ಮೆನ್ಸಿಮಾಗೆ ಇಂದೇ ಒಂದು ಕೋಣೆ ಕೊಡಬೇಕು. ಇಬ್ಬರೂ ಸಹಿ ಹಾಕಿದರು. ಎಕೋಗೆ ಎದೆಯ ಮೇಲಿನ ಐಸ್ ಗಡ್ಡೆ ಕರಗಿದಂತಾಯಿತು.

"ಮಾಮೆ, ಇನ್ನು ನೀವು ಏಳಬಹುದು," ಎಂದ.

"ಯಾಕೆ ಏಳಲಿ?" ಎಂದಳು ಮುದುಕಿ.

"ನಾಟಕ ಮುಗೀತಲ್ಲ."

"ನಾಟಕ ಆಡಿದ್ದು ನೀನು. ನಾನು ಬಾಡಿಗೆಗೆ ಬಂದವಳು. ಇಲ್ಲೇ ಇರಿ ಅಂತ ಕೈಮುಗಿದೆಯಾ ಇಲ್ವಾ? ವಠಾರ ಎಲ್ಲ ನೋಡಿದೆ. ನಮ್ಮ ಅಳಿಯ ಶುಕ್ರವಾರ ರಾತ್ರೀನೇ ಹೇಳಿದ್ದ, ಆ ಹೊಲಿಗೆಯವಳನ್ನ ಓಡಿಸಿದ್ದೀನಿ, ಬೀದಿ ಕೋಣೆ ನಿಮಗೇ ಅಂತ." ಅವಳು ಅಧಿಕಾರಿಯ ಕಡೆ ತಿರುಗಿದಳು. "ಮೇಡಂ, ಮುದುಕಿ ಅಂತ ನನ್ನನ್ನ ಹೊರಗೆ ಹಾಕ್ತಿದ್ದಾನೆ. ನನ್ನದೂ ಒಂದು ದೂರು ಬರ್ಕೊಳ್ಳಿ."

ಎಕೋ ನಿಧಾನವಾಗಿ ಜಗಲಿಯ ಕಡೆ ನೋಡಿದ. ಸಾಗೋ ಅಲ್ಲಿರಲಿಲ್ಲ. ಅವನ ಕೋಣೆಯೊಳಗೆ ಅವನ ಹೆಂಡತಿ ಆಗಲೇ ಅಮ್ಮನ ಚಾಪೆಯ ಜಾಗ ಗುಡಿಸುತ್ತಿದ್ದಳು.

ಅಮೆಗಾಶಿ ಮೇಡಂ ನಿಟ್ಟುಸಿರು ಬಿಟ್ಟು, ಮುಚ್ಚಿದ್ದ ಪೆನ್ನು ಮತ್ತೆ ತೆರೆದರು. "ಕೂತ್ಕೊಳ್ಳಿ ಬೆಂಟ್ಸಿಲ್ ಅವರೇ. ಇನ್ನೊಂದು ರಾಜಿ ಮಾಡೋಣ."

ಎರಡನೆಯ ರಾಜಿ ಬೇಗ ಮುಗಿಯಿತು. ಮುದುಕಿ ಏಳುವುದಿಲ್ಲ. ಮೆನ್ಸಿಮಾಗೆ ಕೊಟ್ಟ ಮಾತು ತಪ್ಪುವಂತಿಲ್ಲ. ಉಳಿದದ್ದು ಎಕೋನ ಸ್ವಂತ ಕೋಣೆ ಒಂದೇ. ಎಕೋ ಎಲ್ಲಿ ಮಲಗಬೇಕು ಎಂಬ ಪ್ರಶ್ನೆ ಬಂದಾಗ ಮೇಡಂ ಸಾಗೋನನ್ನು ಕರೆಸಿ, "ನಿಮ್ಮಲ್ಲಿ ಒಂದು ಚಾಪೆ ಜಾಗ ಖಾಲಿಯಾಗಿದೆ ಅಲ್ವಾ?" ಎಂದರು. ಸಾಗೋಗೆ ಕೆಮ್ಮಲೂ ಆಗಲಿಲ್ಲ.

ಸಂಜೆ ಮೆನ್ಸಿಮಾಳ ಹೊಲಿಗೆ ಯಂತ್ರ ಹಿಂದಿನ ಕೋಣೆಗೆ ಹೋಯಿತು. "ನಿಮಗೆ ತೊಂದರೆ ಆಯ್ತಲ್ಲ ಅಣ್ಣ," ಎಂದಳು. ಎಕೋ ತನ್ನ ಪೆಟ್ಟಿಗೆ ತಲೆಯ ಮೇಲೆ ಹೊತ್ತು, ವಠಾರದವರ ಕಣ್ಣುಗಳ ನಡುವೆ ಅಂಗಳ ದಾಟಿದ. ಬೀದಿ ಕೋಣೆಯ ಬಾಗಿಲಲ್ಲಿ ಮುದುಕಿ ನಿಂತಿದ್ದಳು.

"ಮಗಾ, ಈ ಬಾಗಿಲು ಕಿರ್ ಅನ್ನುತ್ತೆ. ಮನೆ ಮಾಲೀಕರಿಗೆ ಹೇಳಬೇಕಿತ್ತು."

"ಮಾಲೀಕ ನಾನೇ, ಮಾಮೆ," ಎಂದ ಎಕೋ ಪೆಟ್ಟಿಗೆಯ ಕೆಳಗಿನಿಂದ.

ಮುದುಕಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೋಡಿದ್ರೆ ಹಾಗನ್ನಿಸಲ್ಲ," ಎಂದಳು. "ಹೋಗ್ಲಿ, ಎಣ್ಣೆ ತಗೊಂಡು ಬಾ."