ಜೋಡಿಗೊಬ್ಬ ಚಿಗವ್ವ

ಬೇರೆಯವರ ಮಕ್ಕಳಿಗೆ ಸ್ವಾತಂತ್ರ್ಯ ಕೊಡಿಸುವುದರಲ್ಲಿ ನನ್ನಷ್ಟು ಧಾರಾಳಿ ಇಡೀ ಹಾವೇರಿಯಲ್ಲಿ ಇನ್ನೊಬ್ಬಳು ಸಿಗಲಿಕ್ಕಿಲ್ಲ. ಓಣಿಯ ಯಾವ ತಾಯಿಯಾದರೂ ಬಂದು, “ನಮ್ಮ ಹುಡುಗಿ ಗೆಳತ್ಯಾರ ಜೋಡಿ ಅಡ್ಡ್ಯಾಡಾಕ ಹೋಗ್ತೇನಿ ಅಂತಾಳ್ರಿ, ಏನ್ ಮಾಡ್ಲಿ?” ಎಂದರೆ ಸಾಕು, ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟು, “ಕಳಸ್ರಿ ಅಕ್ಕಾರ, ಕಾಲ ಬದಲಾಗೈತಿ, ಹುಡುಗ್ಯಾರನ್ನ ಹಿಂಗ ಕಟ್ಟಿ ಹಾಕಬಾರ್ದು” ಎಂದು ಶುರು ಮಾಡಿದೆನೆಂದರೆ ಚಹಾ ಆರಿ ಕೆನೆಗಟ್ಟುವವರೆಗೂ ನಿಲ್ಲಿಸುವುದಿಲ್ಲ. ಪಾಪ, ಅವರು ತಲೆದೂಗಿ ಹೋಗುತ್ತಾರೆ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಎಂಬ ಗಾದೆಯನ್ನು ನನ್ನಂಥವಳನ್ನು ನೋಡಿಯೇ ಯಾರೋ ಕಟ್ಟಿರಬೇಕು. ಇದು ನನಗೆ ತಿಳಿದದ್ದು, ಹತ್ತನೇ ತರಗತಿಯಲ್ಲಿರುವ ನನ್ನ ಸ್ವಂತ ಮಗಳು ಪಲ್ಲವಿ ಅದೇ ಮಾತನ್ನು ನನ್ನ ಮುಂದೆ ಆಡಿದ ದಿನ.

ಅಂದು ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದೆ. ಮಗಳು ಬಂದು, ಯಾರೂ ಹೇಳದೆಯೇ, ಒಣಗಿದ ಬಟ್ಟೆ ತಂದು ಮಡಚತೊಡಗಿದಳು. ನನಗೆ ಆಗಲೇ ಅನುಮಾನ ಬಂತು. ಈ ವಯಸ್ಸಿನ ಮಕ್ಕಳು ಹೇಳದೆ ಕೆಲಸ ಮಾಡಿದರೆಂದರೆ ಹಿಂದಿನಿಂದ ಏನೋ ಬರುತ್ತಿದೆ ಎಂದೇ ಅರ್ಥ. ಬಂದೇಬಿಟ್ಟಿತು: “ಮಮ್ಮಿ, ಆಯ್ತವಾರ ನಾವೆಲ್ಲಾ ಗೆಳತ್ಯಾರು ಕೂಡಿ ರಾಣೇಬೆನ್ನೂರಿಗೆ ಹೋಗೂದೈತಿ. ಸಿನಿಮಾ ನೋಡಿ, ಅಲ್ಲೇ ಏನರ ತಿಂದು, ಸಂಜಿಮುಂದ ಬಂದ್ಬಿಡ್ತೇವಿ.”

“ಜೋಡಿಗೆ ಯಾರು ಬರ್ತಾರ?” ಎಂದೆ.

“ಯಾರೂ ಇಲ್ಲ. ನಾವ ನಾವ.”

ನಾನು ಗಂಡನ ಕಡೆ ನೋಡಿದೆ. ಅವರು ಪೇಪರನ್ನು ಇನ್ನಷ್ಟು ಮೇಲಕ್ಕೆ ಎತ್ತಿಕೊಂಡು, ಅದರ ಹಿಂದಿನಿಂದಲೇ, “ನಿಮ್ಮ ಮಮ್ಮಿ ಹೂಂ ಅಂದ್ರ ನಂದೂ ಹೂಂ” ಎಂದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಕಷ್ಟದ ಪ್ರಶ್ನೆಗಳೆಲ್ಲ ಹೀಗೆ ಪೇಪರಿಗೆ ಬಡಿದು ನನ್ನ ತಲೆಯ ಮೇಲೆಯೇ ಬಿದ್ದಿವೆ. “ಹಂಗಾರ ನಾನೂ ಜೋಡಿಗೆ ಬರ್ಲೇನು? ಹಿಂದಿನ ಸೀಟಿನ್ಯಾಗ ಗೆಳತಿ ಹಂಗ ಸುಮ್ಮನ ಕುಂದರ್ತೇನಿ” ಎಂದೆ. ಮಗಳು ನನ್ನನ್ನು ನೋಡಿದ ನೋಟಕ್ಕೆ ಹಂಚಿನ ಮೇಲಿನ ರೊಟ್ಟಿಯ ಬದಲು ನಾನೇ ಉಬ್ಬಿ ಸುಟ್ಟುಹೋದೆ.

ಆದರೆ ಅವಳು ಜಗಳ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು, ಜಗಳದಲ್ಲಿ ನಾನು ಗೆಲ್ಲುತ್ತೇನೆ. ಮಡಚಿದ ಟವೆಲನ್ನೇ ಮತ್ತೆ ಬಿಚ್ಚಿ ಮಡಚುತ್ತಾ ಮೆಲ್ಲಗೆ ಹೇಳಿದಳು: “ಹಿಂದಿನ ಎರಡೂ ಸಲ ನೀ ಬ್ಯಾಡ ಅಂದಿ. ಈ ಸಲಾನೂ ಬ್ಯಾಡ ಅಂದ್ರ ಮುಂದ ಅವ್ರು ನನ್ನ ಕರಿಯೂದ ಬಿಡ್ತಾರ ಮಮ್ಮಿ. ಹೋಗಿ ಬಂದಿದ್ದನ್ನ ಕ್ಲಾಸಿನ್ಯಾಗ ನೆನಿಸಿ ನೆನಿಸಿ ನಗ್ತಾರ. ನನಗ ಯಾಕ ನಗಾಕತ್ತಾರ ಅನ್ನೂದ ಗೊತ್ತಾಗೂದಿಲ್ಲ. ಆದ್ರೂ ನಾನೂ ನಗ್ತೇನಿ.” “ವಿಚಾರ ಮಾಡ್ತೇನಿ” ಎಂದೆ. ತಾಯಂದಿರು ‘ಇಲ್ಲ’ ಎನ್ನಲು ಧೈರ್ಯವಿಲ್ಲದಾಗ ಆಡುವ ಮಾತು ಇದು, ಮಕ್ಕಳಿಗೂ ಗೊತ್ತು.

ನಿಜ ಹೇಳುತ್ತೇನೆ, ‘ಜೋಡಿಗೆ ಯಾರು’ ಎಂಬ ಪ್ರಶ್ನೆ ನನ್ನ ಸ್ವಂತದ್ದಲ್ಲ, ತವರಿನಿಂದ ಬಂದದ್ದು. ನಾನು ಹೈಸ್ಕೂಲು ಓದಿದ್ದು ಬ್ಯಾಡಗಿಯಲ್ಲಿ. ನಮ್ಮ ಸಾಮಾಜಿಕ ಜೀವನವೆಂದರೆ ನಾನೂ ನನ್ನ ಗೆಳತಿ ಹಸೀನಾಳೂ ಹಿಟ್ಟಿನ ಗಿರಣಿಗೆ ಹೋಗುವುದು, ಪಾಳಿ ಬಂದರೂ ಬಾರದವರ ಹಾಗೆ ನಿಂತು ಹರಟುವುದು, ಆಮೇಲೆ ಅವಳನ್ನು ಅವಳ ಮನೆಯವರೆಗೆ ನಾನು ಬಿಡುವುದು, ನನ್ನನ್ನು ನನ್ನ ಮನೆಯವರೆಗೆ ಅವಳು ಬಿಡುವುದು. ಊರ ಗಡಿ ದಾಟಬೇಕಾದರೆ ಮಾತ್ರ ಜೋಡಿಗೊಬ್ಬ ದೊಡ್ಡವರು ಬೇಕೇ ಬೇಕು. ಆ ದೊಡ್ಡವರು ಯಾವಾಗಲೂ ಒಬ್ಬರೇ, ನಮ್ಮವ್ವನ ತಂಗಿ, ಗಂಗವ್ವ ಚಿಗವ್ವ. ಕದರಮಂಡಲಗಿಯ ಹನುಮಪ್ಪನ ಗುಡಿಯಾಗಲಿ, ಶಾಲೆಯ ಟ್ರಿಪ್ಪಾಗಲಿ, ನಮ್ಮ ಓಣಿಯ ಹುಡುಗಿಯರ ಹಿಂದೆ ಬುತ್ತಿಗಂಟು ಹಿಡಿದ ಚಿಗವ್ವ ಇದ್ದೇ ಇರುತ್ತಿದ್ದಳು. ಬಸ್ಸು ಹತ್ತಿದರೆ ಪಕ್ಕದವರಿಗೆ ನಮ್ಮೆಲ್ಲರ ಮನೆತನ, ಹೊಲ, ಮಾರ್ಕ್ಸು ಎಲ್ಲವನ್ನೂ ಹೇಳಿಬಿಡುತ್ತಿದ್ದಳು. ನಾವು ಇವಳು ಯಾರೋ ನಮಗೆ ಗೊತ್ತಿಲ್ಲ ಎಂಬಂತೆ ಕಿಟಕಿಯಾಚೆ ನೋಡುತ್ತಿದ್ದೆವು.

ಹತ್ತನೆಯ ತರಗತಿಯಲ್ಲಿ ಒಮ್ಮೆ ನಮಗೂ ರಾಣೇಬೆನ್ನೂರಿನಲ್ಲಿ ಸಿನಿಮಾ ನೋಡುವ ಯೋಗ ಬಂತು, ಎಂದಿನಂತೆ ಚಿಗವ್ವನ ಜೋಡಿ. ರಾಣೇಬೆನ್ನೂರು ಎಂದರೆ ಆಗ ನಮಗೆ ಪ್ಯಾರಿಸ್ಸು. ಅಲ್ಲಿಯವರ ಮುಂದೆ ಸುಕ್ಕುಗಟ್ಟಿದ ಚೂಡಿದಾರ ಹಾಕಿಕೊಂಡು ಹೋದರೆ ಮರ್ಯಾದೆ ಏನಾದೀತು? ನಮ್ಮ ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆ ಇರಲಿಲ್ಲ. ಆದರೆ ಅಪ್ಪನದು ದಲಾಲಿ ಅಂಗಡಿ, ಸುಗ್ಗಿಯ ಕಾಲ ಬೇರೆ, ಪಡಸಾಲೆಯ ತುಂಬ ಮೆಣಸಿನಕಾಯಿ ಚೀಲಗಳಿದ್ದವು. ಬಟ್ಟೆಯನ್ನು ಒಪ್ಪವಾಗಿ ಮಡಚಿ ಚೀಲದಡಿ ಇಟ್ಟರೆ ಬೆಳಗಾಗುವಷ್ಟರಲ್ಲಿ ಗೆರೆ ಹೊಡೆದ ಹಾಗೆ ಇಸ್ತ್ರಿ. ಹಸೀನಾಳೂ ತನ್ನ ಚೂಡಿದಾರ ತಂದು ನನ್ನದರ ಪಕ್ಕದಲ್ಲೇ ಇಟ್ಟು ಹೋದಳು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಜಗತ್ತಿಗೇ ಗೊತ್ತು. ಚೀಲದಿಂದ ಉದುರುವ ಧೂಳಿಗೆ ಅದನ್ನು ಯಾರೂ ಹೇಳಿರುವುದಿಲ್ಲ. ನಮಗಂತೂ ಏನೂ ಗೊತ್ತಾಗಲಿಲ್ಲ. ಆ ಊರಲ್ಲಿ ಹುಟ್ಟಿದ ಮೂಗಿಗೆ ಮೆಣಸಿನಕಾಯಿ ಘಾಟು ಎಂದರೆ ಬರೀ ಗಾಳಿ.

ಟಾಕೀಸಿನಲ್ಲಿ ಚಿಗವ್ವ ಕೊನೆಯ ಸೀಟಿನಲ್ಲಿ ನಮಗೆ ಗೋಡೆಯಾಗಿ ಕುಳಿತು, ಸಿನಿಮಾ ಶುರುವಾಗುವುದೇ ತಡ ಸೆರಗು ಹೊದ್ದು ಕಣ್ಣು ಮುಚ್ಚಿದಳು. ನಮಗೆ ಹಬ್ಬ. ಸ್ವಲ್ಪ ಹೊತ್ತಿಗೆ ಮುಂದಿನ ಸಾಲಿನವರು ಸೀನಿದರು. ಆಮೇಲೆ ಹಿಂದಿನವರು. ಆಮೇಲೆ ಎಲ್ಲರೂ. “ಅಯ್ಯ ಪಾಪ, ಈ ಊರಾಗ ನೆಗಡಿ ಬಂದೈತಿ ನೋಡಲೇ” ಎಂದು ನಾನು ಮರುಗಿದೆ. ಅಷ್ಟರಲ್ಲಿ ಹಸೀನಾ ನನ್ನ ತೊಡೆ ಚಿವುಟಿದಳು. ಮುಂದಿನ ಸಾಲಿನಲ್ಲಿ ಮೀಸೆ ಚಿಗುರುತ್ತಿದ್ದ ಹುಡುಗನೊಬ್ಬ ತಿರುಗಿ ತಿರುಗಿ ನನ್ನನ್ನೇ ನೋಡುತ್ತಿದ್ದ. ಅವನ ಕಣ್ಣು ತುಂಬಿ ನೀರು ಕೆನ್ನೆಗೆ ಇಳಿಯುತ್ತಿತ್ತು. “ಯಾ ಅಲ್ಲಾ! ನಿನ್ನ ನೋಡಿ ಅಳಾಕತ್ತಾನಲೇ!” ಎಂದಳು ಹಸೀನಾ. ನಡೆಯುತ್ತಿದ್ದದ್ದು ನಗೆಯ ಸಿನಿಮಾ. ನಗೆಯ ಸಿನಿಮಾದಲ್ಲಿ ಒಬ್ಬ ಹುಡುಗ ಹಿಂದೆ ತಿರುಗಿ ಅಳುತ್ತಾನೆಂದರೆ ಅದಕ್ಕೆ ಕಾರಣ ಪರದೆಯ ಮೇಲೆ ಇರಲಾರದಷ್ಟೆ! ನಾನು ನಾಚಿ, ವೇಲನ್ನು ಒಮ್ಮೆ ಚೆನ್ನಾಗಿ ಜಾಡಿಸಿ ಹೆಗಲಿಗೆ ಹಾಕಿಕೊಂಡೆ. ಅವನು ಇನ್ನೂ ಹೆಚ್ಚು ಅತ್ತ. ಮತ್ತೆ ಜಾಡಿಸಿದೆ. ಪಾಪದ ಹುಡುಗ ಎದ್ದು ಹೊರಗೇ ಹೋಗಿಬಿಟ್ಟ. ಅಷ್ಟು ಕೋಮಲ ಹೃದಯದವನನ್ನು ಅಲ್ಲಿಯವರೆಗೆ ನಾನು ಕಂಡಿರಲಿಲ್ಲ.

ಸಿನಿಮಾ ಬಿಟ್ಟ ಮೇಲೆ ಹೋಟೆಲಿಗೆ ಹೋದೆವು. ನಮ್ಮ ಟೇಬಲ್ಲಿಗೆ ನೀರು ತಂದಿಟ್ಟವನು ಮೂರು ಸಲ ಸೀನಿ, ಮೂಗು ಒರೆಸಿಕೊಂಡು, “ಬ್ಯಾಡಗಿಯವ್ರೇನ್ರಿ?” ಎಂದ. “ಹೌದ್ರಿ! ಹೆಂಗ ಗೊತ್ತಾತ್ರಿ?” ಎಂದು ಚಿಗವ್ವ ಹಿಗ್ಗಿ ನಮ್ಮ ಮನೆತನ ಶುರು ಮಾಡಿದಳು. ಹಸೀನಾ ತನ್ನ ವೇಲಿನ ತುದಿಯನ್ನು ಮೂಸಿ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ನಗಲು ಶುರು ಮಾಡಿದವಳು ಬಸ್ಸು ಬ್ಯಾಡಗಿ ಮುಟ್ಟಿದರೂ ನಿಲ್ಲಿಸಲಿಲ್ಲ. ನಾನು ಮೊದಲು ಸಿಟ್ಟಾದೆ, ಆಮೇಲೆ ನಾನೂ ನಕ್ಕೆ. ಪರೀಕ್ಷೆಯ ಕೋಣೆಯಲ್ಲಿ ಯಾರಾದರೂ ಸೀನಿದರೆ ಅವಳು ಒಂದು ಮೂಲೆಯಲ್ಲಿ, ನಾನು ಒಂದು ಮೂಲೆಯಲ್ಲಿ, ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆವು. ಆ ನಗು ಇವತ್ತಿಗೂ ಮುಗಿದಿಲ್ಲ.

ಇದೆಲ್ಲ ನೆನಪಾಗಿದ್ದೇ ತಡ, ಮರುದಿನ ಚಿಗವ್ವನಿಗೆ ಫೋನು ಮಾಡಿದೆ. ಈಗಲೂ ಬ್ಯಾಡಗಿಯಲ್ಲೇ ಇದ್ದಾಳೆ, ಮೊಣಕಾಲು ನೋವು, ಬಾಯಿ ಮಾತ್ರ ಗಟ್ಟಿ. “ಚಿಗವ್ವಾ, ಆಯ್ತವಾರ ಪಲ್ಲವಿ ಜೋಡಿಗೆ ನೀ ಬರ್ತೀಯೇನು? ನೀ ಅಂದ್ರ ಅಡ್ಡಿಯಿಲ್ಲ, ಟಾಕೀಸಿನ್ಯಾಗ ಹೆಂಗೂ ಮಲಗ್ತೀದಿ” ಎಂದೆ.

“ನಾ ಎಲ್ಲಿ ಮಲಗಿದ್ನೆ?” ಎಂದಳು ಚಿಗವ್ವ. “ಅಷ್ಟು ದೊಡ್ಡ ದನಿ ಹಚ್ಚಿದ್ರ ಯಾರಿಗೆ ನಿದ್ದಿ ಬರತೈತಿ? ನಾ ಕಣ್ಣು ಬಿಟಗೊಂಡು ಕುಂತಿದ್ರ ನೀವು ಹಂಗ ನಗತಿದ್ರೇನು? ಅದಕ್ಕ ಮುಚ್ಚಿದ್ನಿ. ಭಾಳ ಚಲೋ ಸಿನಿಮಾ ಇತ್ತಂತ. ನನಗ ಒಂದ ಹಾಡೂ ನೋಡಾಕ ಆಗ್ಲಿಲ್ಲ.”

ಆ ಮೂರು ತಾಸು ನಾವು ಗೆದ್ದುಕೊಂಡದ್ದು ಎಂದು ಇಷ್ಟು ವರ್ಷ ತಿಳಿದಿದ್ದೆ. ಅದು ಅವಳು ಕೊಟ್ಟದ್ದು.

“ನನ್ನ ಯಾಕ ಕರೀತಿ? ಆ ಹುಡುಗ್ಯಾರಿಗೆ ಒಬ್ಬರಿಗೊಬ್ಬರು ಇಲ್ಲೇನು ಜೋಡಿಗೆ?” ಎಂದು ಚಿಗವ್ವ ಮುಂದುವರಿಸಿದಳು. “ನಿನಗ ಕಣ್ಣು ಮುಚ್ಚೂದ ಆದ್ರ ಮನ್ಯಾಗ ಕುಂತು ಮುಚ್ಚು. ಬಸ್ಸಿನ್ಯಾಗ ಒಂದು ಸೀಟರ ಉಳೀತೈತಿ.”

ಪಲ್ಲವಿಗೆ ಹೂಂ ಎಂದೆ. ಅವಳು ಕುಣಿಯಲಿಲ್ಲ, ಗಟ್ಟಿಯಾಗಿ ಒಮ್ಮೆ ನನ್ನ ಹೆಗಲಿಗೆ ಹಣೆ ಒತ್ತಿ ಓಡಿದಳು. ಭಾನುವಾರ ನಾನು ಕಣ್ಣು ಮುಚ್ಚಿಯೇ ಕುಳಿತಿದ್ದೆ, ಒಂದು ಕಣ್ಣು ಫೋನಿನ ಮೇಲಿತ್ತು ಅಷ್ಟೆ. ಸಂಜೆ ಬಂದವಳನ್ನು “ಹೆಂಗಾತವಾ?” ಎಂದು ಕೇಳಿದರೆ “ಚಲೋ ಆತು” ಎಂದಳು. ಮುಗಿಯಿತು. ಆದರೆ ಸೋಮವಾರದಿಂದ ಅವಳ ಫೋನು ಟುಣು ಟುಣು ಎನ್ನುತ್ತಲೇ ಇದೆ. ಒಮ್ಮೆ ಅಡುಗೆಮನೆಯಿಂದ ಕೇಳಿಸಿಕೊಂಡೆ: “ಏ ಹೋಗಲೇ, ಕರ್ಚೀಫ್ ಅಂದ್ರ ನಂಗ ನಗು ತಡಿಯಾಕಾಗೂದಿಲ್ಲ! ಮುಂದಿನ ಸಲ ಎಲ್ಲಿ? ಹೂಂ ಹೂಂ, ನಾ ಬರಾಕಿನ.” ಕರ್ಚೀಫಿನ ಕಥೆ ಏನೆಂದು ನನಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ. ಮನಸ್ಸಿಗೆ ತಂಪೆನ್ನಿಸಿತು.

ತಂಪಿನ ಬೆನ್ನಿಗೇ ಸಣ್ಣ ಹೊಟ್ಟೆಕಿಚ್ಚು. ನನ್ನನ್ನು ಯಾರು ಕರೆಯುತ್ತಾರೆ? ರಾಣೇಬೆನ್ನೂರಿಗೆ ಮದುವೆಯಾಗಿ ಹೋಗಿ ಅಲ್ಲೇ ಹೊಲಿಗೆ ಅಂಗಡಿ ಇಟ್ಟಿರುವ ಹಸೀನಾಳಿಗೆ ಫೋನು ಹಚ್ಚಿ, “ಸಿನಿಮಾಕ್ಕ ಬರ್ತೀಯೇನಲೇ?” ಎಂದೆ. “ಅರೇ, ಕೇಳೂದೇನು? ಬಾ ಲಗೂ!” ಎಂದಳು.

ಮುಂದಿನ ಭಾನುವಾರ ಇಸ್ತ್ರಿ ಸೀರೆ ಉಟ್ಟು, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತು “ಬರ್ತೇನಿ” ಎಂದೆ. ಗಂಡ ಪೇಪರಿನ ಹಿಂದಿನಿಂದ “ಹೂಂ” ಎಂದರು. ಮಗಳು ಫೋನಿನಿಂದ ತಲೆಯೆತ್ತದೆ “ಹೋಗಿ ಬಾ ಮಮ್ಮಿ” ಎಂದಳು. ಎಲ್ಲಿಗೆ, ಯಾರ ಜೋಡಿ, ಯಾವಾಗ ಬರ್ತೀ, ಒಬ್ಬರೂ ಒಂದು ಮಾತು ಕೇಳಲಿಲ್ಲ. ನಾನು ಸ್ವಲ್ಪ ಹೊತ್ತು ಕಾದು ನೋಡಿ, “ಹಸೀನಾ ಬರ್ತಾಳ, ನಾವಿಬ್ರ, ಮ್ಯಾಟ್ನಿಗೆ ಹೊಂಟೇವಿ. ದೀಪ ಹಚ್ಚೂದ್ರಾಗ ಮನೀಗೆ ಬರ್ತೇನಿ, ಬಸ್ಸು ಹತ್ತಿದ ಕೂಡ್ಲೆ ಫೋನ್ ಮಾಡ್ತೇನಿ” ಎಂದು ನಾನಾಗಿಯೇ ಎಲ್ಲವನ್ನೂ ವಿವರವಾಗಿ ಒಪ್ಪಿಸತೊಡಗಿದೆ. “ಆತ ಬಿಡು ಮಮ್ಮಿ, ನಿನ್ನ ಯಾರು ಕೇಳಿದ್ರು? ಬಸ್ಸು ತಪ್ಪತೈತಿ, ಹೋಗು” ಎಂದಳು ಮಗಳು.