ಚಿತ್ರಪುಸ್ತಕದ ಫಜೀತಿಗಳು

ಹರಿಹರದ ಪಕ್ಕದ ಒಂದು ಹಳ್ಳಿಯಲ್ಲಿ ನಾನು ಚಿಕ್ಕ ಮಕ್ಕಳ ಟೀಚರ್. ಚಿತ್ರದ ಕಥೆಪುಸ್ತಕ ಕೊಟ್ಟರೆ ಮಕ್ಕಳು ಬೇಗ ಓದು ಕಲಿಯುತ್ತವೆ ಅಂತ ಎಲ್ಲರೂ ಹೇಳುತ್ತಾರೆ. ಕೊಡೋ ಹೊತ್ತಿಗೆ ಮಾತ್ರ ಏನಾದರೊಂದು ಆಗುತ್ತದೆ. ನಗು ಬರುತ್ತದೆ, ನಕ್ಕ ಮೇಲೆ ಹೊಟ್ಟೆ ಉರಿಯುತ್ತದೆ.

ತರಬೇತಿ

ಚಿತ್ರಪುಸ್ತಕ ಬಳಸೋದು ಹೆಂಗೆ ಅಂತ ದಾವಣಗೆರೆಯಲ್ಲಿ ತರಬೇತಿ ಇತ್ತು. ಬಸ್ಸಿನಲ್ಲಿ ನಿಂತುಕೊಂಡೇ ಹೋದೆ. ತರಬೇತುದಾರರು ಕೈಯಲ್ಲಿದ್ದ ಹಾಳೆಯಿಂದ ಕತ್ತೆತ್ತದೆ ಓದಿದರು: "ಮಕ್ಕಳಿಗೆ ಬರೀ ಓದಿ ಹೇಳಬಾರದು. ಚಿತ್ರ ತೋರಿಸಬೇಕು. ಅವರನ್ನು ಮಾತಾಡಿಸಬೇಕು." ಊಟದ ತನಕ ಇದೇ. ಕೊನೆಗೆ ನನ್ನ ಪಕ್ಕದ ಟೀಚರ್ ಎದ್ದು, "ಸರ್, ಒಂದು ಪುಸ್ತಕ ತೋರಿಸ್ರಿ, ಹೆಂಗೆ ಅಂತ ನೋಡ್ಕೊಂತೀವಿ" ಅಂದರು.

"ಮಧ್ಯ ಮಾತಾಡಬ್ಯಾಡ್ರಿ!" ಅವರು ಗದರಿದರು. "ಓದ್ತಾ ಇದೀನಿ, ಕಾಣಲ್ವಾ?"

ಕಾನ್ವೆಂಟು

ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗನಿದ್ದ. ಆನೆ ಬಾವಿಗೆ ಇಣುಕುವ ಚಿತ್ರ ತೋರಿಸಿದರೆ ಸಾಕು, "ನೀರೊಳಗಿರೋ ಆನೇನ ಊಟಕ್ಕೆ ಕರಿತೈತ್ರಿ" ಅಂತ ತಾನೇ ಕಥೆ ಕಟ್ಟುತ್ತಿದ್ದ. ಅವರಪ್ಪ ಗುತ್ತೂರಿನ ಕಡೆ ಫ್ಯಾಕ್ಟರಿಗೆ ಹೋಗುವವರು. ಒಂದು ದಿನ ಬಂದು, "ಚಿತ್ರ ನೋಡಾಕೆ ಮನ್ಯಾಗೆ ಟಿವಿ ಐತೆ ಟೀಚರ್" ಅಂದವರೇ ಟಿಸಿ ತಗೊಂಡು ಮಗನನ್ನು ಇಂಗ್ಲಿಷ್ ಕಾನ್ವೆಂಟಿಗೆ ಸೇರಿಸಿದರು.

ಮುಂದಿನ ವರ್ಷ ಅಪ್ಪ, ಮಗ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಅಪ್ಪ ಬ್ಯಾಗಿನಿಂದ ಪುಸ್ತಕ ತೆಗೆದು, "ನೋಡ್ರಿ, ಚಿತ್ರ ಹಾಕಿ ಎಷ್ಟು ಚಂದ ಕಲಿಸ್ತಾರೆ!" ಅಂದರು. ಅದೇ ಆನೆ, ಅದೇ ಬಾವಿ. ಅಕ್ಷರ ಮಾತ್ರ ಇಂಗ್ಲಿಷು. "ಆನೆ ಏನ್ ಮಾಡ್ತೈತೋ?" ಅಂತ ಹುಡುಗನನ್ನು ಕೇಳಿದೆ. ಅವನು ಅಪ್ಪನ ಮುಖ ನೋಡಿ ಮೆಲ್ಲಗೆ ಹೇಳಿದ:

"ಇನ್ನೂ ಹೇಳ್ಕೊಟ್ಟಿಲ್ರಿ."

ಇನ್‌ಸ್ಪೆಕ್ಷನ್

ಈ ವರ್ಷ ಹೊಸ ಹೆಡ್‌ಮಾಸ್ತರು ಬಂದರು. ಬಂದವರೇ ಪುಸ್ತಕಗಳನ್ನೆಲ್ಲ ಬೀರುವಿಗೆ ಸೇರಿಸಿ ಬೀಗ ಜಡಿದರು. ನಾನು ಜಗಳಕ್ಕೇ ನಿಂತೆ. "ಹರಿದ್ರೆ ನೀವು ಉತ್ತರ ಕೊಡ್ತೀರೇನ್ರಿ?" ಅಂದರು. ಶನಿವಾರ ಮಾತ್ರ ಪುಸ್ತಕ ಹೊರಗೆ. ಮಕ್ಕಳ ಕೈಗೆ ಕೊಟ್ಟು, "ನಗ್ರೋ" ಅಂತ ಫೋಟೋ ತೆಗೆದು, ವಾಟ್ಸಾಪ್ ಗ್ರೂಪಿಗೆ ಹಾಕಿ ವಾಪಸ್ ಒಳಗೆ.

ಒಂದು ದಿನ ಸಾಹೇಬರು ಇನ್‌ಸ್ಪೆಕ್ಷನ್ನಿಗೆ ಬಂದರು. ಬೀಗ ತೆಗೆಸಿ ಒಂದು ಪುಸ್ತಕ ಬಿಡಿಸಿದರು. ಮರದ ಕೆಳಗೆ ಕೂತು ಮಕ್ಕಳು ಓದುತ್ತಿರುವ ಚಿತ್ರ. ಒಂದನೇ ಕ್ಲಾಸಿನ ಹುಡುಗಿಯನ್ನು ಹತ್ತಿರ ಕರೆದು, "ಇವರೇನ್ ಮಾಡ್ತಾ ಅದಾರವ್ವಾ?" ಅಂದರು.

"ಪುಸ್ತಕ ಹಿಡ್ಕೊಂಡಾರ್ರಿ."

"ಶಾಣ್ಯಾಕಿ! ಎಲ್ಲಾರೂ ಯಾಕ ನಗ್ತಾ ಅದಾರೆ?"

"ಫೋಟೋ ತೆಗಿತಾರಲ್ರಿ, ಅದಕ್ಕೆ" ಅಂದಳು ಹುಡುಗಿ. ಆಮೇಲೆ ಆ ಚಿತ್ರದ ಮಕ್ಕಳನ್ನು ಅಯ್ಯೋ ಪಾಪ ಅನ್ನೋ ಹಂಗೆ ನೋಡಿ, "ಈಗ ಕಸ್ಕೊಂತಾರ್ ನೋಡ್ರಿ" ಅಂದಳು.